ಎರೆಮಣ್ಣಿನಲ್ಲಿ ಇಂಗುಬಾವಿ: ತೋಡುವ ಮುನ್ನ

ಪ್ರಶ್ನೆ (ಕಲಬುರಗಿ): ಇಂಜಿನಿಯರ್ ಸಾಹೇಬರಿಗೆ ನಮಸ್ಕಾರ. ಜೋರು ಮಳೆಯಾದರೆ ನಮ್ಮ ಅಂಗಳದಲ್ಲಿ ನೀರು ನಿಲ್ಲುತ್ತದೆ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಮಳೆನೀರನ್ನು ಇಂಗುಬಾವಿಗೆ ಬಿಡುವ ವಿಡಿಯೊ ನೋಡಿದೆ. ಇಲ್ಲೇಕೆ ಆಗಬಾರದು? ಮನೆಯ ಗೋಡೆಯ ಪಕ್ಕ ನಾಲ್ಕು ಅಡಿ ಅಗಲ, ಎಂಟು ಅಡಿ ಆಳದ ದುಂಡು ಗುಂಡಿ ತೋಡಿಸಿ ಕಲ್ಲು ತುಂಬಿಸಬೇಕೆಂದಿದ್ದೇನೆ. ಮಾಳಿಗೆ ಸಾವಿರ ಚದರ ಅಡಿ.

ಉತ್ತರ: ಗೋಡೆಯ ಪಕ್ಕ ಮಾತ್ರ ಬೇಡವೇ ಬೇಡ. ನಿಮ್ಮ ಕಡೆಯ ಎರೆಮಣ್ಣು, ಅಂದರೆ ಕರಿಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿಬಿಡುತ್ತದೆ. ಅಡಿಪಾಯದ ಬುಡಕ್ಕೇ ನೀರುಣಿಸಿದರೆ ಗೋಡೆ ಸೀಳು ಬಿಡುತ್ತದೆ. ಹದಿನೈದು ಅಡಿ ಅಂತರವಾದರೂ ಇರಲಿ. ಶೌಚಗುಂಡಿಯಿಂದಲೂ ದೂರವಿರಲಿ.

ಇನ್ನು ಅರಿಜೋನಾ. ಫೀನಿಕ್ಸ್‌ನಲ್ಲಿ ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆ, ನಮ್ಮಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಅಲ್ಲಿ ನೆಲದೊಳಗೆ ಸುಣ್ಣದ ಗಟ್ಟಿ ಪದರವಿರುತ್ತದೆ. ಅದನ್ನು ಕೊರೆದು ದಾಟಿ, ಕೆಳಗಿನ ಮರಳು, ಗರಸಿಗೆ (ನೀರು ಬಸಿಯುವ ಹರಳುಮಣ್ಣಿಗೆ) ನೀರು ಮುಟ್ಟಿಸುತ್ತಾರೆ. ನೀವು ನಕಲು ಮಾಡಬೇಕಾದದ್ದು ಅಷ್ಟನ್ನೇ. ಎಂಟು ಅಡಿಯಲ್ಲೂ ಕರಿಮಣ್ಣೇ ಇದ್ದರೆ ನಿಮಗೆ ಸಿಗುವುದು ಸೊಳ್ಳೆ ಸಾಕುವ ತೊಟ್ಟಿ. ಗರಸು ಸಿಗುವವರೆಗೆ ಇಳಿಯಿರಿ. ಸಿಕ್ಕ ಮೇಲೆ ತಳಕ್ಕೆ ಒಂದು ಅಡಿ ನೀರು ಸುರಿಯಿರಿ. ಆ ದಿನದ ಲೆಕ್ಕ ನಂಬಬೇಡಿ, ಒಣನೆಲ ಗಟಗಟ ಕುಡಿದು ಮೋಸ ಮಾಡುತ್ತದೆ. ಮರುದಿನ ಮತ್ತೆ ಸುರಿದು, ಗಂಟೆಗೆ ಎಷ್ಟು ಇಳಿಯಿತೆಂದು ಕೋಲಿಗೆ ಗೆರೆ ಎಳೆದು ನೋಡಿ.

50 ಮಿ.ಮೀ. ಮಳೆಗೆ ನಿಮ್ಮ ಮಾಳಿಗೆಯ ಮೇಲೆ ಸುಮಾರು 4,600 ಲೀಟರ್ ಬೀಳುತ್ತದೆ. ನೀವು ಹೇಳಿದ ಗುಂಡಿ ಖಾಲಿಯಿದ್ದರೂ ಹಿಡಿಯುವುದು 2,800 ಲೀಟರ್. ಕಲ್ಲು ತುಂಬಿದರೆ ಅದರ ಅರ್ಧವೂ ಇಲ್ಲ. ಆದ್ದರಿಂದ ಕಲ್ಲು ತುಂಬುವ ಬದಲು ಸಿಮೆಂಟ್ ರಿಂಗ್ ಇಳಿಸಿ: ಎರೆಮಣ್ಣಿರುವಷ್ಟು ಆಳಕ್ಕೆ ತೂತಿಲ್ಲದ್ದು, ಗರಸಿನಲ್ಲಿ ತೂತಿರುವುದು, ಸುತ್ತ ಜಲ್ಲಿ. ಉಕ್ಕಿದ ನೀರಿಗೆ ಚರಂಡಿಗೆ ಪೈಪು ಇರಲೇಬೇಕು.

ಪ್ರಶ್ನೆ (ಅವರೇ): ಹಾಗಾದರೆ ಅಂಗಳದ ನೀರು?

ಉತ್ತರ: ಅದಕ್ಕೆ ಇಳಿಜಾರು ಕೊಟ್ಟು ಚರಂಡಿಗೆ ಬಿಡಿ. ಅದರಲ್ಲಿರುವ ಹೂಳು ಗರಸಿನ ಸಂದುಗಳನ್ನು ಮುಚ್ಚುತ್ತದೆ. ಮಾಳಿಗೆಯ ನೀರೂ ಸಣ್ಣ ಹೂಳುತೊಟ್ಟಿ ದಾಟಿಯೇ ಬರಲಿ.

ಪ್ರಶ್ನೆ (ಬೀದರ್): ಸರ್, ನಮ್ಮದು ಜಂಬಿಟ್ಟಿಗೆ ನೆಲ, ನೀರು ಬೇಗ ಇಂಗುತ್ತದೆ. ಗ್ಯಾರೇಜಿನ ಮುಂದಿನ ನೀರನ್ನೂ ಬಿಡಬಹುದೇ?

ಉತ್ತರ: ಬೇಗ ಇಂಗುವ ನೆಲದಲ್ಲಿ ಎಣ್ಣೆಯೂ ಬೇಗ ಇಳಿಯುತ್ತದೆ. ನಿಮ್ಮೂರಿನ ಬಹಮನಿ ಕಾಲದ ಸುರಂಗ ಬಾವಿ (ನೆಲದಡಿಯ ನೀರಿನ ಕಾಲುವೆ) ಕೂಡ ಜಂಬಿಟ್ಟಿಗೆಯಲ್ಲಿ ಕೊರೆದದ್ದೇ. ಆ ಕಲ್ಲು ನೀರು ಕೊಡುವಷ್ಟೇ ಸಲೀಸಾಗಿ ಕೊಳೆಯನ್ನೂ ಹರಿಸುತ್ತದೆ. ಅರಿಜೋನಾದಲ್ಲಿ ಇಂಗುಬಾವಿಯನ್ನು ಸರ್ಕಾರದಲ್ಲಿ ನೋಂದಾಯಿಸಬೇಕು, ಅದಕ್ಕೆ ಮಳೆನೀರು ಮಾತ್ರ ಬಿಡಬೇಕು. ಗ್ಯಾರೇಜಿನ ಛಾವಣಿಯ ನೀರನ್ನು ಪೈಪಿನಲ್ಲಿ ತಂದು ಬಿಡಿ, ನೆಲದ ನೀರು ಬೇಡ.