ದಿನಾ ಉಜ್ಜಿದ್ರೆ ಮುಖ ಹೊಳೆಯುತ್ತಾ? ನಮ್ಮನೆ ಗ್ರೂಪಲ್ಲಿ ಒಂದು ಸಂಜೆ

ದೊಡ್ಡಮ್ಮ: (ಫಾರ್ವರ್ಡ್ ಆದ ವಿಡಿಯೋ) 7 ದಿನ ಬಿಡದೆ ಮುಖ ಉಜ್ಜಿ. ಸತ್ತ ಚರ್ಮ ಎಲ್ಲಾ ಉದುರಿ ಒಳಗಿರೋ ಬಿಳಿ ಚರ್ಮ ಹೊರಗೆ ಬರುತ್ತೆ. ಎಲ್ಲರೂ ತಪ್ಪದೆ ನೋಡಿ, ಮನೆ ಹೆಣ್ಮಕ್ಕಳಿಗೆ ತೋರಿಸಿ 🙏

ಚಿಕ್ಕಮ್ಮ: ನೋಡ್ದೆ ಅಕ್ಕ, ತುಂಬಾ ಚೆನ್ನಾಗಿದೆ. ಕೊನೇಲಿ ಆ ಜೆಲ್ ಹಚ್ಚಿ ಉಜ್ಜಿದಾಗ ಎಷ್ಟು ಕೊಳೆ ಉಂಡೆ ಉಂಡೆಯಾಗಿ ಬಂತು, ನಮ್ಮ ಮುಖದಲ್ಲೂ ಅಷ್ಟು ಕೂತಿರುತ್ತೋ ಏನೋ

ನಾನು: ದೊಡ್ಡಮ್ಮ, ದಯವಿಟ್ಟು ಇದನ್ನ ಯಾರೂ ಮಾಡ್ಬೇಡಿ. ಪೂರ್ತಿ ನೋಡ್ದೆ. ನಿಂಬೆರಸ, ಸಕ್ಕರೆ, ಅಡುಗೆ ಸೋಡಾ ಕಲಸಿ ದಿನಾ ಹತ್ತು ನಿಮಿಷ ಉಜ್ಜಿ ಅಂತಿದಾರೆ. ವಾರಕ್ಕೊಂದ್ಸಲ ಮಾಡೋದೇ ಹೆಚ್ಚು, ಅದೂ ಈ ಸಾಮಾನಲ್ಲಿ ಬೇಡವೇ ಬೇಡ.

ದೊಡ್ಡಮ್ಮ: ಯಾಕೆ ಕಣೇ, ಅದ್ರಲ್ಲಿ ಕೆಮಿಕಲ್ ಒಂದೂ ಇಲ್ವಲ್ಲ, ಮನೇಲಿರೋದೇ ಎಲ್ಲಾ. ಲಕ್ಷಾಂತರ ಜನ ನೋಡಿದಾರೆ ಅಂತ ಕೆಳಗೆ ಹಾಕಿದೆ.

ನಾನು: ಮನೇಲಿದೆ ಅಂದ ಮಾತ್ರಕ್ಕೆ ಮುಖಕ್ಕೆ ಆಗ್ಬೇಕಂತಿಲ್ಲ ದೊಡ್ಡಮ್ಮ. ನಮ್ಮ ಮುಖದ ಮೇಲ್ಭಾಗ ಸ್ವಲ್ಪ ಹುಳಿ ಕಡೆಗೇ ಇರುತ್ತೆ, ಪಿಎಚ್ ಅಂದ್ರೆ ಹುಳಿ ಅಳೆಯೋ ಅಂಕಿ, ಅದು ಸುಮಾರು 5. ನಿಂಬೆರಸದ್ದು 2ರ ಆಸುಪಾಸು. ಪಿಎಚ್ ಒಂದು ಅಂಕಿ ಇಳಿದ್ರೆ ಹುಳಿ ಹತ್ತು ಪಟ್ಟು ಏರುತ್ತೆ, ಮೂರು ಅಂಕಿ ಇಳಿದ್ರೆ ಸಾವಿರ ಪಟ್ಟು. ಸೋಡಾ ಇನ್ನೊಂದು ದಿಕ್ಕಿಗೆ, 8ರ ಮೇಲೆ. ಎರಡೂ ಕಲಸಿದಾಗ ಬುಸ್ಸಂತ ನೊರೆ ಬರುತ್ತೆ, ಆಮೇಲೆ ಆ ಬಟ್ಟಲಲ್ಲಿ ಹುಳಿ ಎಷ್ಟು ಉಳೀತು ಸೋಡಾ ಎಷ್ಟು ಉಳೀತು ಅನ್ನೋದು ಕಲಸಿದೋರಿಗೂ ಗೊತ್ತಿರಲ್ಲ. ಅದ್ರ ಮೇಲೆ ಸಕ್ಕರೆ ಹರಳು ಬೇರೆ.

ಅಣ್ಣ: ಏ ನೀನು ಎಲ್ಲಾದಕ್ಕೂ ಬೇಡ ಅಂತೀಯ. ಸತ್ತ ಚರ್ಮ ತಾನೇ ತೆಗೀತಿರೋದು, ಸತ್ತಿದ್ದು ಮುಖದ ಮೇಲೆ ಇದ್ದು ಏನು ಮಾಡ್ಬೇಕು?

ನಾನು: ಅಣ್ಣ, ಎಲ್ಲರೂ ಎಡವೋದು ಅಲ್ಲೇ. ಸತ್ತಿದ್ದು ಅಂದ್ರೆ ಕಸ ಅಂದ್ಕೋತೀವಿ. ಗೋಡೆ ಇಟ್ಟಿಗೆಗೂ ಜೀವ ಇಲ್ಲ ಅಲ್ವಾ, ಆದ್ರೂ ಮನೆ ನಿಂತಿರೋದು ಅದ್ರ ಮೇಲೇ. ಚರ್ಮದ ಹೊರಗಿನ ಪದರಾನೂ ಹಂಗೇ, ಸತ್ತ ಕೋಶಗಳು ಇಟ್ಟಿಗೆ ಥರ, ಸುಮಾರು 15ರಿಂದ 20 ಸಾಲು, ನಡುವೆ ಗಾರೆ ಥರ ಕೊಬ್ಬಿನಂಶ, ಸೆರಮೈಡ್ ಅಂತ ಕ್ರೀಮ್ ಡಬ್ಬಿ ಮೇಲೆ ಬರೆದಿರ್ತಾರಲ್ಲ, ಅದೂ ಅಲ್ಲೇ ಇರೋದು. ಇಷ್ಟೆಲ್ಲಾ ಸಾಲು ಸೇರಿದ್ರೂ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗ ಅಷ್ಟೇ! ಒಳಗಿನ ನೀರು ಆರಿಹೋಗದ ಹಾಗೆ, ಹೊರಗಿನ ಧೂಳು ಕ್ರಿಮಿ ಒಳಗೆ ಹೋಗದ ಹಾಗೆ ತಡೀತಿರೋದು ಇದೇ. ಅದನ್ನ ಹತ್ತು ನಿಮಿಷ ಸಕ್ಕರೆ ಹಾಕಿ ತಿಕ್ಕಿದ್ರೆ ಏನಾಗ್ಬೇಕು ಹೇಳು.

ನಾನು: ಇನ್ನೊಂದು, ಉದುರೋ ಕೆಲಸ ಅದಾಗದೇ ನಡೀತಿರುತ್ತೆ. ಕೆಳಗೆ ಹುಟ್ಟಿದ ಕೋಶ ಮೇಲಿನ ಸಾಲಿಗೆ ಬರೋಕೆ ಎರಡು ವಾರ, ಅಲ್ಲಿದ್ದು ಉದುರೋಕೆ ಇನ್ನೆರಡು ವಾರ, ಹರೆಯದೋರಲ್ಲಿ ಒಟ್ಟು 28 ದಿನ ಅಂತ ಲೆಕ್ಕ. ಕೋಶ ಕೋಶಕ್ಕೂ ನಡುವೆ ಸಣ್ಣ ಸಣ್ಣ ಗಂಟು ಇರುತ್ತೆ, ಅದನ್ನ ಬಿಡಿಸೋಕೆ ಎಂಜೈಮ್ ಇದಾವೆ, ಆ ಎಂಜೈಮ್ ಕೆಲಸ ಮಾಡೋಕೆ ತೇವ ಬೇಕು. ಮುಖ ಒಣಗಿದಾಗ ಹೊಟ್ಟು ಏಳೋದು ಇದಕ್ಕೇ, ಗಂಟು ಸರಿಯಾಗಿ ಬಿಚ್ಚಿರಲ್ಲ, ಕೋಶಗಳು ಗುಂಪು ಗುಂಪಾಗಿ ಅಂಟ್ಕೊಂಡಿರ್ತವೆ. ಆಗ ನಾವು ಮಾಡೋದೇನು, ಹೊಟ್ಟು ಕಾಣ್ತು ಅಂತ ಇನ್ನಷ್ಟು ಉಜ್ತೀವಿ, ಇನ್ನಷ್ಟು ಒಣಗುತ್ತೆ. ಬೇಕಾಗಿದ್ದು ಮಾಯಿಶ್ಚರೈಸರ್.

ಚಿಕ್ಕಮ್ಮ: ಆದ್ರೆ ಉಜ್ಜಿದ ಮೇಲೆ ಮುಖ ನುಣ್ಣಗಾಗಿ ಹೊಳೆಯೋದು ಸುಳ್ಳಾ? ನಾನೇ ಎಷ್ಟೋ ಸಲ ನೋಡಿದೀನಿ ಪುಟ್ಟ

ನಾನು: ಸುಳ್ಳಲ್ಲ ಚಿಕ್ಕಮ್ಮ, ಮೆತ್ತಗೆ ಮಾಡಿದ್ರೆ ನಿಜವಾಗ್ಲೂ ನುಣ್ಣಗಾಗುತ್ತೆ. ಮೇಲೆ ಎದ್ದಿರೋ ಅಂಚುಗಳು ಹೋದ್ಮೇಲೆ ಬೆಳಕು ಒಂದೇ ಸಮ ಬೀಳುತ್ತೆ, ಹಚ್ಚಿದ ಕ್ರೀಮೂ ಚೆನ್ನಾಗಿ ಹರಡುತ್ತೆ. ಆದ್ರೆ ಜೋರಾಗಿ ಉಜ್ಜಿದಾಗ ಬರೋ ಕೆಂಪು, ಬಿಗಿಯಾಗಿ ಎಳೆದಂಗೆ ಹೊಳೆಯೋದು, ಅದು ಕಾಂತಿ ಅಲ್ಲ, ಗಾಯದ ಮೊದಲ ಮೆಟ್ಟಿಲು. ಬರೀ ನೀರು ಹಾಕಿದ್ರೂ ಚುರುಚುರು ಅಂದ್ರೆ ಆಗ್ಲೇ ಮಿತಿ ದಾಟಿದೆ ಅಂತಾನೇ ಅರ್ಥ.

ಚಿಕ್ಕಮ್ಮ: ಮತ್ತೆ ಆ ಉಂಡೆಗಳು? ಕಣ್ಣಾರೆ ಕಂಡಿದ್ದು ಅದು

ನಾನು: ಅದು ಬಹುಪಾಲು ಜೆಲ್ಲೇ ಚಿಕ್ಕಮ್ಮ. ಆ ಥರ ಪೀಲಿಂಗ್ ಜೆಲ್‌ಗಳಲ್ಲಿ ಗಟ್ಟಿಯಾಗಿಸೋ ಪದಾರ್ಥ ಇರುತ್ತೆ, ಉಜ್ಜಿದಾಗ ರಬ್ಬರ್ ಪುಡಿ ಥರ ಸುರುಳಿ ಸುತ್ಕೊಳುತ್ತೆ. ಜೊತೆಗೆ ಒಂದಿಷ್ಟು ಸತ್ತ ಚರ್ಮ ಬರಬಹುದು, ಆದ್ರೆ ಅಷ್ಟೊಂದು ಉಂಡೆ ಚರ್ಮದ್ದಲ್ಲ. ಅಣ್ಣ, ಅತ್ತಿಗೆ ಹತ್ರ ಒಂದು ಟ್ಯೂಬ್ ಇತ್ತಲ್ಲ, ಒಂಚೂರು ತೊಳೆದ ಕನ್ನಡಿ ಮೇಲೆ ಉಜ್ಜಿ ನೋಡು.

ಅಣ್ಣ: ತಡಿ

ಅಣ್ಣ: (ಫೋಟೋ) ಬಂತು. ಕನ್ನಡಿ ಒರೆಸಿ, ಒಂದು ಕಡಲೆಕಾಳಿನಷ್ಟು ಹಾಕಿ ಬೆರಳಲ್ಲಿ ತಿಕ್ಕಿದೆ, ಅರ್ಧ ನಿಮಿಷಕ್ಕೆ ವಿಡಿಯೋದಲ್ಲಿರೋ ಹಂಗೇ ಬೂದು ಬೂದು ಎಳೆ. ನನ್ನ ಬೆರಳಿನ ಕೊಳೆ ಇರಬಹುದು ಅಂತ ಕೈ ಸೋಪಲ್ಲಿ ತೊಳ್ಕೊಂಡು ಇನ್ನೊಂದ್ಸಲ ಮಾಡ್ದೆ, ಬಿಳಿ ಎಳೆ ಬಂತು, ಅಷ್ಟೇ ಉಂಡೆ. ಸರಿ, ಇದೊಂದು ವಿಷಯ ಒಪ್ಕೊಂಡೆ.

ದೊಡ್ಡಮ್ಮ: ಅಂದ್ರೆ ನಾನು ಸುಳ್ಳು ವಿಡಿಯೋ ಕಳಿಸ್ತೀನಿ ಅಂತಾನಾ ನಿಮ್ಮ ಮಾತು. ಒಳ್ಳೇದಾಗ್ಲಿ ಅಂತ ಕಳಿಸಿದ್ರೆ ಎಲ್ಲರೂ ಸೇರ್ಕೊಂಡು ಪಾಠ ಹೇಳ್ತೀರಿ.

ನಾನು: ಅಯ್ಯೋ ಹಂಗಲ್ಲ ದೊಡ್ಡಮ್ಮ, ನಿಮ್ಮ ಮೇಲೆ ಯಾರಿಗೂ ಬೇಜಾರಿಲ್ಲ. ಮಾಡಿದೋರು ನಂಬೋ ಹಾಗೆ ಮಾಡಿದಾರೆ, ನಿಮ್ಮ ತಪ್ಪೇನಿದೆ.

ಪುಟ್ಟಿ: ಅಕ್ಕ

ಪುಟ್ಟಿ: ನಾನು ಶನಿವಾರದಿಂದ ಮಾಡ್ತಿದೀನಿ. ದೊಡ್ಡಮ್ಮ ನಂಗೆ ಮೊದಲೇ ಕಳಿಸಿದ್ರು. ಮೊಡವೆ ಹೋಗುತ್ತೆ ಅಂತ ದಿನಾ ಎರಡು ಸಲ ಮಾಡ್ದೆ. ಈಗ ಕೆನ್ನೆ ಎರಡೂ ಉರೀತಿದೆ, ಮೂಗಿನ ಪಕ್ಕ ಸಿಪ್ಪೆ ಎದ್ದಿದೆ, ಗಲ್ಲದ ಮೇಲೆ ಹೊಸದಾಗಿ ಐದಾರು ಮೊಡವೆ ಬಂದಿದೆ. ಅಮ್ಮಂಗೆ ಹೇಳಿರಲಿಲ್ಲ

ಚಿಕ್ಕಮ್ಮ: ಏನೇ ಇದು??? ಮೂರು ದಿನದಿಂದ ದುಪಟ್ಟಾ ಸುತ್ಕೊಂಡು ಓಡಾಡ್ತಿದ್ದಿದ್ದು ಇದಕ್ಕಾ. ಅಕ್ಕ ನೀವು ಮಗೂಗೆ ಕಳಿಸೋ ಮುಂಚೆ ನಂಗೊಂದು ಮಾತು ಕೇಳ್ಬೇಕಿತ್ತು.

ದೊಡ್ಡಮ್ಮ: ನಂಗೇನು ಗೊತ್ತಿತ್ತೇ, ಅವಳೇ ಕನ್ನಡಿ ಮುಂದೆ ಕೂತು ಅಳ್ತಾಳೆ ಅಂತ ನೀನೇ ಹೇಳಿದ್ದೆ ಅಲ್ವಾ

ಅಣ್ಣ: ಇಬ್ರೂ ಒಂದ್ನಿಮಿಷ ಇರಿ, ಮೊದಲು ಅವಳಿಗೆ ಏನು ಮಾಡ್ಬೇಕು ಅಂತ ಹೇಳ್ಲಿ

ನಾನು: ಪುಟ್ಟಿ ಹೆದರ್ಬೇಡ ಕಂದ. ಇವತ್ತಿಂದ ಎಲ್ಲಾ ನಿಲ್ಸು, ಸ್ಕ್ರಬ್ಬೂ ಬೇಡ, ಮೊಡವೆ ಕ್ರೀಮೂ ಬೇಡ, ಫೇಸ್ ಪ್ಯಾಕೂ ಬೇಡ. ಉಗುರುಬೆಚ್ಚಗಿನ ನೀರು, ಪರಿಮಳ ಇಲ್ಲದ ಮೆದು ಕ್ಲೆನ್ಸರ್, ಟವೆಲ್ಲಲ್ಲಿ ಉಜ್ಜದೆ ಒತ್ತಿ ಒರೆಸ್ಕೋ, ಮುಖ ಇನ್ನೂ ಒದ್ದೆ ಇರೋವಾಗ್ಲೇ ಸಾದಾ ಮಾಯಿಶ್ಚರೈಸರ್ ಹಚ್ಚು. ಹೊರಗೆ ಹೋದ್ರೆ ಸನ್‌ಸ್ಕ್ರೀನ್, ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ, ಉರಿದ್ರೆ ಛತ್ರಿ ಹಿಡ್ಕೋ, ಬಿಸಿಲಿಗೆ ಹೋಗ್ಲೇಬೇಡ. ನೀರು ಸೋರಿದ್ರೆ, ಊದಿದ್ರೆ, ಇನ್ನು ಮೂರ್ನಾಲ್ಕು ದಿನದಲ್ಲಿ ಉರಿ ಇಳೀದೆ ಇದ್ರೆ ಚರ್ಮದ ಡಾಕ್ಟರ್ ಹತ್ರ ಹೋಗೋದೇ. ಸಿಪ್ಪೆ ಎದ್ದಿರೋದನ್ನ ಕೀಳ್ಬೇಡ!! ಅದು ಮುಖ್ಯ.

ಪುಟ್ಟಿ: ಮೊಡವೆ ಯಾಕೆ ಜಾಸ್ತಿ ಆಯ್ತು, ನಾನು ಅಷ್ಟು ಕ್ಲೀನ್ ಮಾಡ್ದೆ

ನಾನು: ಮೊಡವೆ ಕೊಳೆಯಿಂದ ಬರೋದಲ್ಲ ಮರಿ, ಅದು ನೀನು ಗಲೀಜು ಅಂತ ಅಲ್ವೇ ಅಲ್ಲ. ಕೂದಲಿನ ಬುಡದ ರಂಧ್ರದ ಒಳಗೆ ಎಣ್ಣೆ ಮತ್ತೆ ಸತ್ತ ಕೋಶ ಸೇರಿ ಕಟ್ಕೊಳುತ್ತೆ, ಹಾರ್ಮೋನ್ ಏರಿಳಿಯೋ ವಯಸ್ಸಲ್ಲಿ ಎಣ್ಣೆ ಜಾಸ್ತಿ ಬರುತ್ತೆ, ಒಳಗೆ ಊತ ಶುರುವಾಗುತ್ತೆ. ಮೇಲಿಂದ ಉಜ್ಜಿದ್ರೆ ಆ ಊತ ಇನ್ನೂ ಕೆರಳುತ್ತೆ, ಬಿರಡೆ ಮಾತ್ರ ಕದಲಲ್ಲ. ಬ್ಲ್ಯಾಕ್‌ಹೆಡ್ ಕಪ್ಪಗಿರೋದೂ ಧೂಳಿನಿಂದಲ್ಲ, ಅದ್ರಲ್ಲಿರೋದು ಗಾಳಿ ತಾಗಿ ಕಪ್ಪಾಗಿರೋದು. ಒಳಗೆ ಇಳಿಯೋಕೆ ಆಗೋದು ಸ್ಯಾಲಿಸಿಲಿಕ್ ಆಸಿಡ್‌ಗೆ, ಅದು ಎಣ್ಣೆಯಲ್ಲಿ ಕರಗುತ್ತೆ, ಅರ್ಧದಿಂದ 2 ಪರ್ಸೆಂಟ್ ಒಳಗಿನ ಫೇಸ್‌ವಾಶೋ ಜೆಲ್ಲೋ ಸಿಗುತ್ತೆ. ಅದೂ ಈಗಲ್ಲ, ಮುಖ ಪೂರ್ತಿ ವಾಸಿ ಆದ್ಮೇಲೆ, ಡಾಕ್ಟರ್ ಕೇಳಿ.

ಪುಟ್ಟಿ: ಬಿಳಿ ಚರ್ಮ ಬರುತ್ತೆ ಅಂದಿದ್ರಲ್ಲ ವಿಡಿಯೋದಲ್ಲಿ

ನಾನು: ಒಳಗೆ ಬೇರೆ ಬಣ್ಣದ ಚರ್ಮ ಯಾರಿಗೂ ಬಚ್ಚಿಟ್ಕೊಂಡಿರಲ್ಲ ಪುಟ್ಟಿ. ಬಣ್ಣ ತಯಾರಾಗೋದೇ ಹೊರಚರ್ಮದ ತಳದ ಸಾಲಲ್ಲಿ, ಕೋಶ ಮೇಲೆ ಬರೋವಾಗ ಅದನ್ನ ಹೊತ್ಕೊಂಡೇ ಬರುತ್ತೆ. ಎಷ್ಟು ಉಜ್ಜಿದ್ರೂ ಮುಂದಿನ ಸಾಲು ನಿನ್ನ ಬಣ್ಣದ್ದೇ, ಆ ಬಣ್ಣದಲ್ಲಿ ತಪ್ಪೂ ಇಲ್ಲ. ಆ ವಿಡಿಯೋ ನೋಡಿ ನಂಗೆ ಜಾಸ್ತಿ ಸಂಕಟ ಆಗಿದ್ದು ಇದೇ ಮಾತಿಗೆ. ಇನ್ನೊಂದು ವಿಷಯ, ನಮ್ಮಂಥ ಕಂದು ಚರ್ಮ ಸಣ್ಣ ಗಾಯಕ್ಕೂ ಬಣ್ಣ ಜಾಸ್ತಿ ಸುರಿಯುತ್ತೆ, ಉಜ್ಜಿ ಕೆಂಪಾದ ಜಾಗ ಆಮೇಲೆ ಕಪ್ಪು ಕಲೆಯಾಗಿ ತಿಂಗಳುಗಟ್ಲೆ ನಿಲ್ಲುತ್ತೆ.

ನಾನು: ಇದನ್ನ ನಾನು ಅನುಭವಿಸಿ ಹೇಳ್ತಿರೋದು. ಮೂರು ವರ್ಷದ ಕೆಳಗೆ ಬೆಳಿಗ್ಗೆ ಒಡೆದ ಬೀಜದ ಪುಡಿ ಇರೋ ಸ್ಕ್ರಬ್, ರಾತ್ರಿ ಸತ್ತ ಚರ್ಮ ಬಿಡಿಸೋ ಗ್ಲೈಕಾಲಿಕ್ ಆಸಿಡ್, ಅದ್ರ ಮೇಲೆ ರೆಟಿನಾಲ್ ಅನ್ನೋ ವಿಟಮಿನ್ ಎ ಕ್ರೀಮ್, ಮಧ್ಯೆ ತಿರುಗೋ ಬ್ರಶ್ಶು. ಎರಡು ವಾರ ಎಲ್ಲರೂ ಮುಖ ಏನು ಹೊಳೀತಿದೆ ಅಂದ್ರು. ಮೂರನೇ ವಾರ ದಿನಾ ಹಚ್ತಿದ್ದ ಕ್ರೀಮೇ ಮೆಣಸಿನಕಾಯಿ ಥರ ಉರೀತು, ರಾತ್ರಿ ದಿಂಬಿಗೆ ಕೆನ್ನೆ ಇಡೋಕಾಗ್ಲಿಲ್ಲ. ಉರಿ ಒಂದು ತಿಂಗಳಿಗೆ ಹೋಯ್ತು, ಕೆನ್ನೆ ಮೂಳೆ ಮೇಲಿನ ಎರಡು ಕಲೆ ಹೋಗೋಕೆ ಎಂಟು ತಿಂಗಳು ಬೇಕಾಯ್ತು. ಆ ಎಂಟು ತಿಂಗಳು ಗ್ರೂಪಲ್ಲಿ ನಾನು ಒಂದು ಫೋಟೋ ಹಾಕಿಲ್ಲ, ಬೇಕಿದ್ರೆ ಮೇಲೆ ಹೋಗಿ ನೋಡಿ.

ಚಿಕ್ಕಮ್ಮ: ನಮಗೆ ಯಾರಿಗೂ ಹೇಳ್ಲೇ ಇಲ್ವಲ್ಲೇ

ದೊಡ್ಡಮ್ಮ: ಪುಟ್ಟಿ, ದೊಡ್ಡಮ್ಮನ ಮೇಲೆ ಕೋಪ ಮಾಡ್ಕೋಬೇಡ ಕಣಮ್ಮ. ನಾಳೆ ನಾನೇ ಬಂದು ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ.

ಪುಟ್ಟಿ: ಕೋಪ ಇಲ್ಲ ದೊಡ್ಡಮ್ಮ ❤️

ದೊಡ್ಡಮ್ಮ: ಆದ್ರೂ ಒಂದು ಕೇಳ್ತೀನಿ. ನಂಗೀಗ 64. ಮುಖ ಮುಟ್ಟಿದ್ರೆ ಒರಟು, ಪೌಡರ್ ಹಾಕಿದ್ರೆ ಅಲ್ಲಲ್ಲಿ ತೇಪೆ ಥರ ನಿಲ್ಲುತ್ತೆ. ನಾನೂ ಏನೂ ಮಾಡ್ಬಾರ್ದಾ ಹಂಗಾದ್ರೆ? ಬರೀ ಬೇಡ ಬೇಡ ಅಂದ್ರೆ ಹೆಂಗೆ.

ನಾನು: ಇಲ್ಲ ದೊಡ್ಡಮ್ಮ, ನಿಮ್ಮ ಪ್ರಶ್ನೆ ಸರಿಯಾಗಿದೆ, ಈ ಗ್ರೂಪಲ್ಲಿ ಇದ್ರಿಂದ ಉಪಯೋಗ ಆಗೋದೇ ನಿಮಗೆ. ವಯಸ್ಸಾದಂಗೆ ಆ 28 ದಿನದ ಲೆಕ್ಕ ಹಿಗ್ಗುತ್ತೆ, 40 ದಿನ, ಇನ್ನೂ ಹೆಚ್ಚೂ ಆಗುತ್ತೆ. ಹಳೇ ಸಾಲು ಬೇಗ ಬಿಡಲ್ಲ, ಒರಟು ಅನ್ಸೋದು ಅದಕ್ಕೇ. ನಿಮಗೆ ಕಡಿಮೆ ಪ್ರಮಾಣದ ಲ್ಯಾಕ್ಟಿಕ್ ಆಸಿಡ್ ಇರೋ ಲೋಷನ್ ಸರಿಹೋಗುತ್ತೆ, ವಾರಕ್ಕೆ ಒಂದೇ ರಾತ್ರಿಯಿಂದ ಶುರು ಮಾಡಿ. ಮೊದಲು ಕಿವಿ ಹಿಂದೆ ಒಂಚೂರು ಹಚ್ಚಿ ಒಂದು ದಿನ ಕಾದು ನೋಡಿ.

ದೊಡ್ಡಮ್ಮ: ಆಸಿಡ್ಡಾ!! ನಿಂಬೆ ಬೇಡ ಅಂತೀಯ ಆಸಿಡ್ ಹಚ್ಚು ಅಂತೀಯ

ನಾನು: ಹೆಸರು ಕೇಳಿದ್ರೆ ಭಯ ಆಗುತ್ತೆ ನಿಜ. ಆದ್ರೆ ಇದು ಅಳತೆ ಮಾಡಿ ಹಾಕಿರೋ ಹುಳಿ. ಮನೇಲಿ ಹಚ್ಕೊಳ್ಳೋ ಕ್ರೀಮಲ್ಲಿ ಗ್ಲೈಕಾಲಿಕ್, ಲ್ಯಾಕ್ಟಿಕ್ 10 ಪರ್ಸೆಂಟ್ ದಾಟಬಾರ್ದು, ಪಿಎಚ್ 3.5ಕ್ಕಿಂತ ಕೆಳಗೆ ಇಳೀಬಾರ್ದು ಅಂತ ಅಮೆರಿಕದ ತಜ್ಞರ ಸಮಿತಿಯೊಂದು 1998ರಲ್ಲೇ ಹೇಳಿದೆ. ಈ ಆಸಿಡ್‌ಗಳು ಚರ್ಮಕ್ಕೆ ಬಂದಿದ್ದೂ ಚಂದಕ್ಕಲ್ಲ. 1974ರಲ್ಲಿ ವ್ಯಾನ್ ಸ್ಕಾಟ್, ಯು ಅನ್ನೋ ಇಬ್ಬರು ಸಂಶೋಧಕರು ಇಕ್ತಿಯೋಸಿಸ್ ಇರೋರಿಗೆ, ಅಂದ್ರೆ ಮೀನಿನ ಹುರುಪೆ ಥರ ಚರ್ಮ ದಪ್ಪಗಟ್ಟೋ ಕಾಯಿಲೆ ಇರೋರಿಗೆ, ಇದನ್ನ ಹಚ್ಚಿ ಸಿಪ್ಪೆ ಬಿಡುತ್ತೆ ಅಂತ ತೋರ್ಸಿದ್ರು. ಇದು ಆ ಗಂಟುಗಳನ್ನ ಸಡಿಲ ಮಾಡುತ್ತೆ ದೊಡ್ಡಮ್ಮ, ಗೋಡೆ ಕೆರೆಯಲ್ಲ. ಒಂದೇ ಎಚ್ಚರ, ಇದನ್ನ ಹಚ್ಚೋ ದಿನಗಳಲ್ಲಿ ಚರ್ಮ ಬಿಸಿಲಿಗೆ ಬೇಗ ಸುಡುತ್ತೆ, ಬಿಟ್ಟ ಮೇಲೂ ಒಂದು ವಾರ ಹುಷಾರಾಗಿರ್ಬೇಕು. ಬೆಳಿಗ್ಗೆ ವಾಕಿಂಗ್ ಹೋಗೋವಾಗ ಸನ್‌ಸ್ಕ್ರೀನ್ ಹಾಕಲ್ಲ ಅಂದ್ರೆ ಇದೂ ಬೇಡ.

ಅಣ್ಣ: ನಾನು ದಿನಾ ಶೇವ್ ಮಾಡ್ತೀನಲ್ಲ, ಆಮೇಲೆ ಸ್ಕ್ರಬ್ ಹಾಕ್ತೀನಿ, ಅದು?

ನಾನು: ರೇಜರ್ ಎಳೆದಾಗ್ಲೇ ಮೇಲಿನ ಕೋಶ ಒಂದಿಷ್ಟು ಹೋಗಿರುತ್ತೆ ಅಣ್ಣ, ಅದ್ರ ಮೇಲೆ ಸ್ಕ್ರಬ್ ಬೇಡ. ಕುತ್ತಿಗೆ ಹತ್ರ ಕೂದಲು ಒಳಗೇ ಬೆಳೆದು ಗುಳ್ಳೆ ಆಗ್ತಿದ್ರೆ ಶೇವ್ ಇಲ್ಲದ ದಿನ ಒದ್ದೆ ಬಟ್ಟೇಲಿ ಅರ್ಧ ನಿಮಿಷ, ಬೆರಳ ತುದಿ ಒತ್ತಡ ಅಷ್ಟೇ, ಸುತ್ತು ಸುತ್ತಾಗಿ.

ಚಿಕ್ಕಮ್ಮ: ನನ್ನ ಹತ್ರ ಸಣ್ಣ ಸಣ್ಣ ಗುಂಡು ಇರೋ ಫೇಸ್‌ವಾಶ್ ಇದೆ ಹಳೇದು. ಅದು ಪರವಾಗಿಲ್ವಾ?

ನಾನು: ಟ್ಯೂಬ್ ಹಿಂದೆ ಬರೆದಿರೋದನ್ನ ನೋಡಿ, ಪಾಲಿಎಥಿಲೀನ್ ಅಂತ ಬರೆದಿದ್ರೆ ಅದು ಪ್ಲಾಸ್ಟಿಕ್. ನೀರಿಗೆ ಹೋಗಿ ಮೀನಿನ ಹೊಟ್ಟೆ ಸೇರುತ್ತೆ ಅಂತ ಅಮೆರಿಕದಲ್ಲಿ 2015ರಲ್ಲೇ ಕಾನೂನು ಮಾಡಿ ನಿಲ್ಲಿಸಿದ್ರು. ಅದನ್ನ ಮುಗಿಸೋಣ ಅಂತ ಬಳಸೋದು ಬೇಡ ಚಿಕ್ಕಮ್ಮ, ಸಿಂಕಿಗೂ ಸುರೀಬೇಡಿ, ಮುಚ್ಚಳ ಹಾಕಿ ಕಸಕ್ಕೆ ಹಾಕ್ಬಿಡಿ.

ದೊಡ್ಡಮ್ಮ: ವಿಡಿಯೋ ಅಳಿಸ್ದೆ ನಾನು. ಇನ್ನೂ ಎರಡು ಗ್ರೂಪಿಗೆ ಕಳಿಸಿದ್ದೆ, ಅಲ್ಲೂ ಬೇಡ ಅಂತ ಹಾಕ್ತೀನಿ. ನೀನು ಪುಟ್ಟಿಗೆ ಬರೆದಿದ್ದನ್ನೇ ಅಲ್ಲಿಗೂ ಕಳಿಸ್ಲಾ?

ನಾನು: ಕಳಿಸಿ ದೊಡ್ಡಮ್ಮ, ಪುಟ್ಟಿ ಹೆಸರು ಮಾತ್ರ ತೆಗೀರಿ.

ದೊಡ್ಡಮ್ಮ: ಸರಿ. ಮತ್ತೆ ನನ್ನ ಹಿಮ್ಮಡಿಗೆ ಕಲ್ಲಿದೆಯಲ್ಲ, ಅದ್ರಲ್ಲಾದ್ರೂ ಉಜ್ಜಬಹುದಾ ಇಲ್ವಾ

ನಾನು: ಹಿಮ್ಮಡಿಗೆ ಧಾರಾಳವಾಗಿ ಉಜ್ಜಿ, ಅಲ್ಲಿನ ಹೊರಪದರ ಮುಖಕ್ಕಿಂತ ಎಷ್ಟೋ ಪಟ್ಟು ದಪ್ಪ. ನೆನೆಸಿ ಉಜ್ಜಿ, ಬಿರುಕು ಬಿಟ್ಟು ರಕ್ತ ಬರ್ತಿದ್ರೆ ಮಾತ್ರ ಬೇಡ.

ಪುಟ್ಟಿ: ಅಕ್ಕ ನೀನು ಹೇಳಿದಂಗೆ ಮುಖ ತೊಳ್ಕೊಂಡು ಒದ್ದೆ ಇರೋವಾಗ್ಲೇ ಕ್ರೀಮ್ ಹಚ್ಚಿದೆ. ಮೊದಲು ಉರೀತು, ಐದು ನಿಮಿಷ ಆಗಿದೆ, ಈಗ ಸ್ವಲ್ಪ ಕಮ್ಮಿ ಇದೆ