ಟೆಂಟ್ ಟ್ರೇಲರ್ ಕೊಳ್ಳಲೇ, ಬೇಡವೇ?

ತೋಟದಮನೆ, ಶಿರಸಿ:
ಹುಬ್ಬಳ್ಳಿಯಲ್ಲಿ ಒಬ್ಬರ ಬಳಿ ಹಳೆಯ ಟೆಂಟ್ ಟ್ರೇಲರ್ ಮಾರಾಟಕ್ಕಿದೆ. ಮುಚ್ಚಿದರೆ ಸೊಂಟದೆತ್ತರದ ಪೆಟ್ಟಿಗೆ. ಹಿಡಿಕೆ ತಿರುಗಿಸಿದರೆ ಚಾವಣಿ ಮೇಲೇಳುತ್ತದೆ, ಎರಡೂ ಬದಿಯಿಂದ ಹಾಸಿಗೆ ಹೊರಬರುತ್ತದೆ, ಸುತ್ತ ಕ್ಯಾನ್ವಾಸ್ ಗೋಡೆ. ಖಾಲಿ ತೂಕ 600 ಕೆ.ಜಿ. ಎನ್ನುತ್ತಾರೆ. ನಮ್ಮಲ್ಲಿ ಬೊಲೆರೋ ಇದೆ. ಅಮ್ಮನಿಗೆ ಮಂಡಿನೋವು, ಡೇರೆಯಲ್ಲಿ ನೆಲದ ಮೇಲೆ ಮಲಗಿ ಏಳಲು ಆಗುವುದಿಲ್ಲ. ಲಾಡ್ಜ್ ಎಂದರೆ "ಯಾರ್ಯಾರೋ ಮಲಗಿದ ಹಾಸಿಗೆ" ಎಂದು ಮೂಗು ಮುರಿಯುತ್ತಾಳೆ. ಇದರಲ್ಲಾದರೆ ನಮ್ಮದೇ ಹಾಸಿಗೆ, ನಮ್ಮದೇ ಒಲೆ. ಅಡಿಕೆ ಕೊಯ್ಲು ಮುಗಿಸಿ ಗೋಕರ್ಣ, ಕಾಸರಕೋಡು, ಕಾರವಾರ ತಿರುಗುವ ಆಸೆ. ಭಾವ ಮಾತ್ರ "ಗೊಡ್ಡೆಮ್ಮೆ ಕಟ್ಟಿಕೊಂಡ ಹಾಗೆ" ಎನ್ನುತ್ತಿದ್ದಾನೆ. ಬಲ್ಲವರು ಹೇಳಿ.

ಕೋಡಿಬಾಗದ ವೆಲ್ಡರ್, ಕಾರವಾರ:
ನಾನು ಟ್ರೇಲರ್ ಮಾಡುವವನು, ಅದರಲ್ಲಿ ಮಲಗುವವನಲ್ಲ. ದೋಣಿ ಸಾಗಿಸುವ ಗಾಡಿ, ಟಿಲ್ಲರಿನ ಗಾಡಿ, ಇವೇ ನಮ್ಮ ಶೆಡ್ಡಿನ ಕೆಲಸ. ಹಾಗಾಗಿ ಚಕ್ರದ ಕಡೆಯ ಮಾತಷ್ಟೇ ಆಡುತ್ತೇನೆ.

ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಕುಮಟೆಗೆ ಬರಲು ದೇವಿಮನೆ ಘಟ್ಟ, ಯಲ್ಲಾಪುರದ ಮೇಲೆ ಬಂದರೆ ಅರಬೈಲ್ ಘಟ್ಟ. ನೀರು, ಸಿಲಿಂಡರ್, ಪಾತ್ರೆ ಪಗಡೆ ತುಂಬಿದ ಮೇಲೆ 600 ಇದ್ದದ್ದು 800ರ ಹತ್ತಿರ ಹೋಗುತ್ತದೆ, ಇಳಿಜಾರಿನಲ್ಲಿ ಅಷ್ಟೂ ಭಾರ ನಿಮ್ಮನ್ನು ಹಿಂದಿನಿಂದ ನೂಕುತ್ತದೆ. ಟ್ರೇಲರಿಗೆ ತನ್ನದೇ ಬ್ರೇಕ್ ಇದೆಯೇ, ಮೊದಲು ಅದನ್ನು ಕೇಳಿ. ಯುರೋಪಿನಲ್ಲಿ 750 ಕೆ.ಜಿ. ಮೀರಿದರೆ ಬ್ರೇಕ್ ಕಡ್ಡಾಯ. ಘಟ್ಟ ಇಳಿಯುವವರಿಗೆ ಅದಕ್ಕಿಂತ ಕಡಿಮೆಯಿದ್ದರೂ ಬೇಕು ಎಂಬುದು ನನ್ನ ಹಟ. ಕೆಳಗಿನ ಗೇರಿನಲ್ಲೇ ಇಳಿಯಿರಿ. ಪೆಡಲ್ ಒತ್ತಿಕೊಂಡೇ ಬಂದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಭಾರದ ಸಾಮಾನು ಚಕ್ರದ ಅಚ್ಚಿನ ಮೇಲೆ, ಇಲ್ಲವೇ ತುಸು ಮುಂದೆ ಇರಲಿ. ಹಿಂದೆ ತುಂಬಿದರೆ ವೇಗ ಏರಿದಂತೆ ಗಾಡಿ ಓಲಾಡಿ ಬೊಲೆರೋವನ್ನೂ ಎಳೆದಾಡುತ್ತದೆ. ಟಿಲ್ಲರಿನ ಗಾಡಿ ಹಿಂದಕ್ಕೆ ತೆಗೆದು ಬಲ್ಲ ತೋಟದವರಿಗೆ ರಿವರ್ಸ್ ಬಗ್ಗೆ ನಾನೇನು ಹೇಳಲಿ.

ಇನ್ನು ಉಪ್ಪುಗಾಳಿ. ಕಡಲ ದಂಡೆಯಲ್ಲಿ ನಿಂತ ಗಾಡಿಯಲ್ಲಿ ಮೊದಲು ಹಾಳಾಗುವುದು ಚಕ್ರದ ಬೇರಿಂಗ್, ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಹದಿನೈದು ಇಪ್ಪತ್ತು ಕಿಲೋಮೀಟರ್ ಎಳೆಸಿ, ನಿಲ್ಲಿಸಿ, ಎರಡೂ ಚಕ್ರದ ನಡುವಿನ ಹಬ್‌ಗಳ ಹತ್ತಿರ ಅಂಗೈ ಒಯ್ದು ನೋಡಿ. ಬೆಚ್ಚಗಿದ್ದರೆ ಸರಿ. ಒಂದು ತಣ್ಣಗಿದ್ದು ಇನ್ನೊಂದು ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಹೋಗಿರಬೇಕು, ಇಲ್ಲವೇ ಬ್ರೇಕ್ ಅಂಟಿಕೊಂಡಿರಬೇಕು.

ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಟ್ರೇಲರ್ ಕೂಡ ವಾಹನವೇ. ಅದಕ್ಕೆ ಸ್ವಂತ ನೋಂದಣಿ ಇಲ್ಲವಾದರೆ ಪುಕ್ಕಟೆ ಕೊಟ್ಟರೂ ಬೇಡ.

ಗಂಗಾವಳಿ ದಂಡೆ, ಸದ್ಯ ಒರೆಗಾನ್:
ಅಂಕೋಲೆಯವಳು ನಾನು. ಅಮೆರಿಕದಲ್ಲಿ ಇಂಥದ್ದನ್ನು ಇಟ್ಟುಕೊಂಡಿದ್ದೆವು. ಸುಖವಿದೆ, ಇಲ್ಲವೆನ್ನುವುದಿಲ್ಲ. ಗಾಡಿಯನ್ನು ಒಂದು ಕಡೆ ಬಿಚ್ಚಿಟ್ಟು ಕಾರಿನಲ್ಲಿ ಊರು ಸುತ್ತಬಹುದು. ಆದರೆ ಇಲ್ಲಿನ ಶಿಬಿರತಾಣಗಳಲ್ಲಿ ಸಮತಟ್ಟಾದ ಜಾಗ, ನಲ್ಲಿ, ಶೌಚಾಲಯ ಇರುತ್ತವೆ, ಎಷ್ಟೋ ಕಡೆ ಕರೆಂಟೂ ಉಂಟು. ಗೋಕರ್ಣದಲ್ಲಿ ಎಲ್ಲಿ ನಿಲ್ಲಿಸುತ್ತೀರಿ? ಮರಳಿನ ಮೇಲೆ ಚಕ್ರ ಹೂತುಹೋಗುತ್ತದೆ, ಅರಣ್ಯದ ಜಾಗಕ್ಕೆ ಅನುಮತಿ ಬೇಕು.

ಕ್ಯಾನ್ವಾಸ್ ಒದ್ದೆಯಿರುವಾಗ ಮಡಚಿದರೆ ಮನೆಗೆ ಬಂದವರೇ ಪೂರಾ ಬಿಚ್ಚಿ ಒಣಗಿಸಬೇಕು. ತಡವಾದರೆ ಹೊಲಿಗೆಯ ಸಾಲಿನಲ್ಲಿ ಸಾಸಿವೆಯಷ್ಟು ಕರಿ ಚುಕ್ಕೆ ಏಳುತ್ತವೆ, ಬೂಷ್ಟಿನ ವಾಸನೆ ಹಾಸಿಗೆಗೂ ಹತ್ತುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಶಿರಸಿಯಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ! ಆ ನಾಲ್ಕು ತಿಂಗಳು ಅದು ಕೊಟ್ಟಿಗೆಯಲ್ಲಿ, ಇಲಿಗಳ ಪಾಲಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯ ಬೆವರು ನಿಮಗೆ ಗೊತ್ತು. ಬಿಸಿಲೇರಿದ ಮೇಲೆ ಒಳಗೆ ಕೂರಲಾಗದು. ಹಿತವಾಗಿರುವುದು ನವೆಂಬರಿನಿಂದ ಫೆಬ್ರವರಿ, ಆಗ ನೀವು ಅಡಿಕೆ ಕೊಯ್ಯುವ ಕೊನೆಗೌಡರ ಹಿಂದೆ ಓಡುತ್ತಿರುತ್ತೀರಿ.

ತೋಟದಮನೆ, ಶಿರಸಿ:
ಭಾವನಿಗೆ ಇದನ್ನು ಓದಿ ಹೇಳಬಾರದಿತ್ತು, ಬೆಳಗಿನಿಂದ ನಗುತ್ತಿದ್ದಾನೆ. ಆದರೆ ಫೆಬ್ರವರಿ ಕೊನೆಗೆ ನಮ್ಮ ಕೆಲಸ ಹಗುರವಾಗುತ್ತದೆ ಅಕ್ಕಾ, ಮಾರ್ಚ್ ನಡುವಿನ ತನಕವಾದರೂ ತಿರುಗಬಹುದಲ್ಲ? ನಿಲ್ಲಿಸಲು ಕುಮಟೆಯಲ್ಲಿ ಅತ್ತೆಯ ಮನೆಯ ಅಂಗಳವಿದೆ, ಹೊನ್ನಾವರದಲ್ಲೂ ನೆಂಟರಿದ್ದಾರೆ.

ಗಂಗಾವಳಿ ದಂಡೆ, ಸದ್ಯ ಒರೆಗಾನ್:
ಅಂಗಳದವರೆಗೆ ಬಂದವರನ್ನು ಅತ್ತೆ ಗಾಡಿಯಲ್ಲಿ ಮಲಗಲು ಬಿಡುತ್ತಾರೆಯೇ? ಆ ಹಣದಲ್ಲಿ ಅಮ್ಮನಿಗೆ ಒಂದು ಮಡಚುವ ಮಂಚ, ನಿಂತು ಓಡಾಡುವಷ್ಟು ಎತ್ತರದ ಡೇರೆ ಕೊಳ್ಳಿ. ಅವೆರಡೂ ಬೊಲೆರೋದ ಹಿಂಬದಿಯಲ್ಲೇ ಹಿಡಿಯುತ್ತವೆ, ಘಟ್ಟದಲ್ಲಿ ಯಾರೂ ನೂಕುವುದಿಲ್ಲ.

ಕೋಡಿಬಾಗದ ವೆಲ್ಡರ್, ಕಾರವಾರ:
ಅಕ್ಕ ಹೇಳಿದ್ದು ಸರಿ. ಹಾಗೂ ನೋಡಿಯೇ ಬರುತ್ತೇನೆಂದು ಹುಬ್ಬಳ್ಳಿಗೆ ಹೋದರೆ ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ಓದಿ. 2316 ಎಂದಿದ್ದರೆ 2016ರ ಇಪ್ಪತ್ತಮೂರನೆಯ ವಾರದ ಟೈರು. ಮೇಲಿನ ಗೀರು ಎಷ್ಟೇ ಹೊಸದಾಗಿ ಕಂಡರೂ ಅಂಥ ಹಳೆಯದನ್ನು ಘಟ್ಟಕ್ಕೆ ಇಳಿಸಬೇಡಿ, ಎರಡು ಹೊಸ ಟೈರಿನ ಬೆಲೆ ಹಿಡಿದುಕೊಂಡೇ ಚೌಕಾಶಿ ಮಾಡಿ.