ರೂಫ್‌ಟಾಪ್ ಹೋಟೆಲನ್ನು ಆರಿಸುವುದು ಹೇಗೆ? ಅಡುಗೆಮನೆ ತಪಾಸಕರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಮಂಗಳೂರು, ಉಡುಪಿ ಭಾಗದ ಹೋಟೆಲುಗಳ ಅಡುಗೆಮನೆಗಳನ್ನು ಆಹಾರ ಸುರಕ್ಷತೆಯ ದೃಷ್ಟಿಯಿಂದ ತಪಾಸಣೆ ಮಾಡುವ ನಮ್ಮ ಸದಸ್ಯೆಯೊಬ್ಬರು ಈ ವಾರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಯಾವ ಹೋಟೆಲಿನ ಹೆಸರನ್ನೂ ಹೊಗಳಲಿಕ್ಕಾಗಲಿ ತೆಗಳಲಿಕ್ಕಾಗಲಿ ಇಲ್ಲಿ ಬರೆಯಬಾರದು. ದಯವಿಟ್ಟು ಪೂರ್ಣ ವಾಕ್ಯಗಳಲ್ಲಿ ಕೇಳಿ.

ಬಿಜೈಯ ಸದಸ್ಯೆ: ಮೇಡಂ, ಬೆಂಗಳೂರಿನಿಂದ ಅತ್ತೆ, ಮಾವ ಬರುತ್ತಿದ್ದಾರೆ. ಕಡಲು ಕಾಣುವ ತಾರಸಿಯಲ್ಲಿ ಅವರಿಗೆ ಒಳ್ಳೆಯ ಮೀನಿನ ಊಟ ಹಾಕಿಸಬೇಕೆಂದಿದ್ದೇನೆ. ನೋಟ ಚೆನ್ನಾಗಿರುವಲ್ಲಿ ಊಟವೂ ಚೆನ್ನಾಗಿದೆ ಎಂದು ಮೊದಲೇ ತಿಳಿಯುವುದು ಹೇಗೆ?

ತಪಾಸಕಿ: ಮೇಜು ಕಾದಿರಿಸಲು ಫೋನ್ ಮಾಡಿದಾಗ ಒಂದೇ ಪ್ರಶ್ನೆ ಕೇಳಿ: ಅಡುಗೆಮನೆ ಎಷ್ಟನೆಯ ಮಹಡಿಯಲ್ಲಿದೆ? ತಾರಸಿಯಲ್ಲೇ ಇದ್ದರೆ ಅಥವಾ ಒಂದೇ ಮಹಡಿ ಕೆಳಗಿದ್ದರೆ ಕಾವಲಿಯಿಂದ ಎತ್ತಿದ್ದು ಗರಿಗರಿಯಾಗಿಯೇ ನಿಮ್ಮ ಮುಂದೆ ಬರುತ್ತದೆ. ಅಡುಗೆಮನೆ ನೆಲಮಹಡಿಯಲ್ಲಿದ್ದು ಊಟ ಲಿಫ್ಟಿನಲ್ಲಿ ಬರುವುದಾದರೆ ಕಾಣೆ ಮೀನಿನ ರವಾ ಫ್ರೈಯನ್ನು ಮುಚ್ಚಿಯೇ ತರಬೇಕಾಗುತ್ತದೆ. ಆ ಮುಚ್ಚಳದೊಳಗಿನ ಹಬೆಗೆ ರವೆಯ ಪದರ ಮೆತ್ತಗಾಗಿ, ಫೋರ್ಕ್ ತಾಗಿಸಿದೊಡನೆ ಮೀನಿನಿಂದ ಕಳಚಿ ಬೀಳುತ್ತದೆ. ನೀರ್ ದೋಸೆಯೂ ಹಾಗೆಯೇ. ನಾಲ್ಕು ದೋಸೆಗಳನ್ನು ಒಂದರ ಮೇಲೊಂದು ಇಟ್ಟು ಮೇಲೆ ತರುವಷ್ಟರಲ್ಲಿ ಅವು ಒಂದೇ ಮುದ್ದೆಯಾಗಿರುತ್ತವೆ. ಅಂಥ ಕಡೆ ಗೀ ರೋಸ್ಟ್, ಸುಕ್ಕ, ಪುಂಡಿ, ಇಲ್ಲವೇ ಸಾರನ್ನು ಮೇಜಿನಲ್ಲೇ ಸುರಿಯುವ ಕೋರಿ ರೊಟ್ಟಿ ತರಿಸಿಕೊಳ್ಳಿ. ಅವು ಪ್ರಯಾಣವನ್ನು ತಾಳಿಕೊಳ್ಳುತ್ತವೆ.

ಲಾಲ್‌ಬಾಗಿನ ಸದಸ್ಯರು: ಮಂಗಳೂರಿನ ಅತ್ಯುತ್ತಮ ರೂಫ್‌ಟಾಪ್ ಹೋಟೆಲು ಯಾವುದು, ಮೇಡಂ?

ತಪಾಸಕಿ: ಹೆಸರು ಹೇಳುವುದಿಲ್ಲ. ಮೇಲಿನ ಉತ್ತರವನ್ನು ನೋಡಿ.

ಉಳ್ಳಾಲದ ಸದಸ್ಯರು: ಸಂಜೆ ಐದೂವರೆಗೆ ಗಾಳಿ ಚೆನ್ನಾಗಿದ್ದ ಮೇಜಿನಲ್ಲೇ ರಾತ್ರಿ ಒಂಬತ್ತರ ಬಳಿಕ ಹೊಗೆ ತುಂಬಿ, ಮಕ್ಕಳು ಕಣ್ಣುಜ್ಜಿಕೊಂಡೇ ಊಟ ಮುಗಿಸಿದರು. ಹೋಟೆಲಿನವರು ಬೇಕೆಂದೇ ನಮಗೆ ಕೆಟ್ಟ ಜಾಗ ಕೊಟ್ಟರೇ?

ತಪಾಸಕಿ: ಬೇಕೆಂದು ಕೊಟ್ಟಿರಲಾರರು, ಆದರೆ ಅವರು ಯೋಚಿಸಬೇಕಿತ್ತು. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ, ಮುಖ್ಯವಾಗಿ ಚಳಿಗಾಲದಲ್ಲಿ, ಹಗಲು ನೆಲ ಕಾದು ಗಾಳಿ ಕಡಲಿನಿಂದ ಊರಿನ ಕಡೆಗೆ ಬೀಸುತ್ತದೆ. ಕತ್ತಲಾದ ಮೇಲೆ ನೆಲ ಬೇಗ ತಣಿಯುವುದರಿಂದ ಅದು ತಣ್ಣಗೆ ತಿರುಗಿ ಮೂಡಣದಿಂದ ಕಡಲಿನತ್ತ ಸಾಗುತ್ತದೆ. ಆದ್ದರಿಂದ ಚಿಮಣಿಯ ಪಡುವಣಕ್ಕಿರುವ, ಕಡಲು ಚೆನ್ನಾಗಿ ಕಾಣುವ ಮೇಜು ಸಂಜೆ ಹಿತವಾಗಿದ್ದು ರಾತ್ರಿ ಹೊಗೆಯ ದಾರಿಗೆ ಸಿಗುತ್ತದೆ. ಕೂರುವ ಮುನ್ನ ಚಿಮಣಿ ಎಲ್ಲಿದೆ ಎಂದು ನೋಡಿ, ತಡವಾದ ಊಟಕ್ಕೆ ಅದರ ಮೂಡಣದ ಬದಿಯನ್ನು ಕೇಳಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದೊಡನೆ ತಾರಸಿಯಿಂದ ಇಳಿಯಿರಿ. ತಗಡಿನ ಮಾಡು ಸಿಡಿಲಿಗೆ ಆಶ್ರಯವಲ್ಲ.

ಕೊಟ್ಟಾರದ ಸದಸ್ಯೆ: ನನ್ನದು ಸ್ವಲ್ಪ ಬೇರೆ ಬಗೆಯ ಪ್ರಶ್ನೆ. ಕಳೆದ ಭಾನುವಾರ ನಗರದ ಒಂದು ರೂಫ್‌ಟಾಪ್ ಹೋಟೆಲಿನಲ್ಲಿ ಮೀನುಗಳನ್ನು ಟ್ರೇಯಲ್ಲಿ ಮೇಜಿಗೆ ತಂದು ತೋರಿಸಿದರು. ನಾವು ಆರಿಸಿದ ಬಂಗುಡೆಯನ್ನು ತವಾ ಫ್ರೈ ಮಾಡಿ ಕೊಟ್ಟರು. ತಿಂದು ಇಪ್ಪತ್ತು ನಿಮಿಷವಾಗಿರಬೇಕು, ನಮ್ಮ ಯಜಮಾನರ ಮುಖ, ಕತ್ತು ಕೆಂಪಾಗಿ, ತಲೆ ಸಿಡಿಯತೊಡಗಿ, ಎದೆ ಹೊಡೆದುಕೊಳ್ಳತೊಡಗಿತು. ಎರಡು ಮೂರು ಗಂಟೆಗಳಲ್ಲಿ ಇಳಿಯಿತು. ಮ್ಯಾನೇಜರ್ ಅದನ್ನು ಅಲರ್ಜಿ ಎಂದರು. ಆದರೆ ಇವರು ಹುಟ್ಟಿದಂದಿನಿಂದ ಬಂಗುಡೆ ತಿಂದು ಬೆಳೆದವರು, ಬಿ.ಪಿ. ಮಾತ್ರೆ ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಜೂನ್ 22ಕ್ಕೆ ಇವರ ಅರವತ್ತರ ಊಟವನ್ನು ಅಲ್ಲೇ ಎಂದು ಮುಂಗಡ ಕೊಟ್ಟಿದ್ದೇವೆ. ನಮ್ಮ ಅಕ್ಕ ಪುನರ್ಪುಳಿ ಶರಬತ್ತು ಕುಡಿಸಿದರೆ ಸಾಕು ಎನ್ನುತ್ತಾರೆ. ಏನು ಮಾಡಲಿ?

ತಪಾಸಕಿ: ನಿಮ್ಮ ಪ್ರಶ್ನೆ ನನ್ನನ್ನು ಚಿಂತೆಗೀಡು ಮಾಡಿದೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಮೊದಲು ಒಂದು ಮಾತು: ರೋಗನಿರ್ಣಯ ವೈದ್ಯರ ಕೆಲಸ. ಈ ವಾರವೇ ಅವರನ್ನು ವೈದ್ಯರ ಬಳಿಗೆ ಕರೆದೊಯ್ದು, ಯಾವ ಮೀನು, ಎಷ್ಟು ಹೊತ್ತಿಗೆ ತೊಂದರೆ ಶುರುವಾಯಿತು, ಯಾವ ಮಾತ್ರೆಗಳು ನಡೆಯುತ್ತಿವೆ ಎಂಬುದನ್ನು ತಿಳಿಸಿ. ಮತ್ತೆಂದಾದರೂ ಉಸಿರು ಕಟ್ಟಿದರೆ, ನಾಲಿಗೆ ಅಥವಾ ತುಟಿ ಊದಿದರೆ, ತಲೆ ತಿರುಗಿ ಬಿದ್ದರೆ, ಯಾವ ಶರಬತ್ತಿಗೂ ಕಾಯದೆ 108ಕ್ಕೆ ಕರೆ ಮಾಡಿ.

ನೀವು ಹೇಳಿದ ಲಕ್ಷಣಗಳು ಹಿಸ್ಟಮಿನ್ ವಿಷಬಾಧೆಯನ್ನು ಬಹಳವಾಗಿ ಹೋಲುತ್ತವೆ. ಬಂಗುಡೆ, ಬೂತಾಯಿ, ಕೇದರ್ (ಟ್ಯೂನಾ) ಮೊದಲಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿರುತ್ತದೆ. ಹಿಡಿದ ಮೀನನ್ನು ಬೇಗ ಐಸಿನಲ್ಲಿ ಹುಗಿಯದಿದ್ದರೆ, ಅಥವಾ ಅದು 4 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಹೊತ್ತು ಕಳೆದರೆ, ಬ್ಯಾಕ್ಟೀರಿಯಾಗಳು ಆ ಹಿಸ್ಟಿಡಿನನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಅಲರ್ಜಿಯಾದಾಗ ನಮ್ಮ ಮೈಯೇ ಬಿಡುಗಡೆ ಮಾಡುವ ಪದಾರ್ಥ ಇಲ್ಲಿ ಮೀನಿನಲ್ಲೇ ಸಿದ್ಧವಾಗಿರುತ್ತದೆ. ಆದ್ದರಿಂದ ಅಲರ್ಜಿಯೇ ಇಲ್ಲದವರಿಗೂ ಅಲರ್ಜಿಯಂತೆಯೇ ಕಾಣಿಸಿಕೊಳ್ಳುತ್ತದೆ. ನೂರು ಗ್ರಾಂ ಮೀನಿನಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಹಿಸ್ಟಮಿನ್ ಇರಕೂಡದೆಂಬುದು ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಆಹಾರ ಮಾನದಂಡ.

ನನಗೆ ಅನುಮಾನವಿರುವುದು ಆ ಟ್ರೇಯ ಮೇಲೆ. ಗಿರಾಕಿಗೆ ತೋರಿಸುವ ಮೀನು ಒಂದು ಮೇಜಿನಿಂದ ಇನ್ನೊಂದಕ್ಕೆ ಸಂಜೆಯಿಡೀ ಸುತ್ತುತ್ತದೆ. ಕೆಳಗೆ ಹರಡಿದ ಐಸು ಅರ್ಧ ಗಂಟೆಯಲ್ಲಿ ನೀರಾಗಿ, ಮೀನಿನ ಹೊಟ್ಟೆಯ ಭಾಗ ಆ ನೀರಿನಲ್ಲಿದ್ದರೆ ಬೆನ್ನು ಮೇ ತಿಂಗಳ ಸೆಕೆಯಲ್ಲಿರುತ್ತದೆ. ತಾರಸಿಯ ಗ್ರಿಲ್ ಕೌಂಟರಿನಲ್ಲಿ ಫ್ರಿಜ್ ಇಲ್ಲದೆ, ಮಸಾಲೆ ಹಚ್ಚಿ ಸಾಲಾಗಿ ಜೋಡಿಸಿಟ್ಟ ಮೀನಿನದ್ದೂ ಇದೇ ಪಾಡು. ಮಸಾಲೆಯು ವಾಸನೆಯನ್ನು ಮುಚ್ಚುತ್ತದೆಯೇ ಹೊರತು ಬೇರೇನನ್ನೂ ತಡೆಯುವುದಿಲ್ಲ. ಇನ್ನೆರಡು ವಿಷಯ ತಿಳಿಸಿ: ಅದೇ ಮೀನನ್ನು ಬೇರೆ ಯಾರಾದರೂ ತಿಂದಿದ್ದರೇ, ಮತ್ತು ತಿನ್ನುವಾಗ ನಾಲಿಗೆಗೆ ಕಾಳುಮೆಣಸಿನಂತಹ ಚುರುಕು ತಾಗಿತ್ತೇ?

ಸುರತ್ಕಲ್ಲಿನ ಸದಸ್ಯರು: ನನಗೆ ಬಂದ ಉಪಯುಕ್ತ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ. ಮೀನಿನ ಮೇಲೆ ಒಂದು ನಿಂಬೆ ಹಿಂಡಿ ಹತ್ತು ನಿಮಿಷ ಬಿಟ್ಟರೆ ಎಲ್ಲ ವಿಷವೂ ಹೋಗುತ್ತದೆ. ಬೆಳ್ಳಿಯ ಚಮಚ ತಾಗಿಸಿದಾಗ ಕಪ್ಪಾದರೆ ಮೀನು ಹಾಳು. ನೊಣ ಕೂರದಿದ್ದರೆ ಅದು ಕೆಡದಂತೆ ಫಾರ್ಮಲಿನ್ ಎಂಬ ರಾಸಾಯನಿಕ ಹಾಕಿದ ಮೀನು.

ತಪಾಸಕಿ: ಮೂರೂ ತಪ್ಪು. ನಿಂಬೆರಸದಿಂದ ಹಿಸ್ಟಮಿನ್ ಹೋಗುವುದಿಲ್ಲ. ಬೆಳ್ಳಿಯನ್ನು ಗಂಧಕದ ಅಂಶ ಕಪ್ಪಾಗಿಸುತ್ತದೆ, ಬೇಯಿಸಿದ ಒಳ್ಳೆಯ ಮೊಟ್ಟೆಯೂ ಕಪ್ಪಾಗಿಸುತ್ತದೆ. ಫಾರ್ಮಲಿನ್ ಪತ್ತೆಗೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಪರೀಕ್ಷಾ ಪಟ್ಟಿ ಇದೆ, ನೊಣವನ್ನು ಕಾಯುತ್ತ ಕೂರಬೇಕಾಗಿಲ್ಲ. ಮೇಲೊಬ್ಬರು ತಮ್ಮ ಮನೆಯವರ ಆರೋಗ್ಯದ ವಿಷಯ ಕೇಳಿರುವಾಗ ಇಂಥದ್ದನ್ನು ಹಾಕಬೇಡಿ.

ಪಡುಬಿದ್ರೆಯ ಸದಸ್ಯರು: ಭಾನುವಾರ ಕಾರು ನಿಲ್ಲಿಸಲು ಜಾಗವಿರುವ ರೂಫ್‌ಟಾಪ್ ಹೋಟೆಲುಗಳು ಯಾವ ಕಡೆ ಇವೆ?

ಹಂಪನಕಟ್ಟೆಯ ಸದಸ್ಯರು: ಇಷ್ಟೆಲ್ಲ ತಾಪತ್ರಯ ಯಾಕೆ? ಒಳ್ಳೆಯ ಮೀನಿನ ಊಟ ಬೇಕಾದವರು ಮಧ್ಯಾಹ್ನ ಹನ್ನೆರಡೂವರೆಗೆ ಬಂದರಿನ ಬಳಿಯ ಸಣ್ಣ ಹೋಟೆಲಿಗೆ ಹೋಗಬೇಕು. ಬೆಳಿಗ್ಗೆ ದಕ್ಕೆಯಿಂದ ಬಂದ ಮೀನು ಎರಡು ಗಂಟೆಗೆ ಖಾಲಿಯಾಗುವಲ್ಲಿ ಹಳತು ಉಳಿಯುವ ಮಾತೇ ಇಲ್ಲ. ತಾರಸಿಯಲ್ಲಿ ನೀವು ದುಡ್ಡು ಕೊಡುವುದು ದೀಪಗಳಿಗೆ.

ಕದ್ರಿಯ ಸದಸ್ಯೆ: ಆ ಸಣ್ಣ ಹೋಟೆಲಿನಲ್ಲಿ ಹಿಂದೆ ನಿಂತವರು ನಾವು ಏಳುವುದನ್ನೇ ಕಾಯುತ್ತಿರುತ್ತಾರೆ. ಮಂಡಿನೋವಿರುವ ನನ್ನ ಅಮ್ಮ ಎರಡು ಗಂಟೆ ಗಾಳಿಗೆ ಕುಳಿತು, ಮೊಮ್ಮಕ್ಕಳ ಜೊತೆ ಮಾತಾಡುತ್ತ ಊಟ ಮಾಡಲು ಬಯಸಿದರೆ ಅದು ದೀಪಕ್ಕೆ ದುಡ್ಡು ಕೊಟ್ಟಂತೆ ಆಗುವುದಿಲ್ಲ, ಅಣ್ಣ.

ಹಂಪನಕಟ್ಟೆಯ ಸದಸ್ಯರು: ಅಮ್ಮನನ್ನು ತಣ್ಣೀರುಬಾವಿಯ ಕಡಲತಡಿಗೆ ಕರೆದೊಯ್ಯಿರಿ, ಅಲ್ಲಿ ಗಾಳಿ ಧರ್ಮಕ್ಕೆ ಸಿಗುತ್ತದೆ.

ಕದ್ರಿಯ ಸದಸ್ಯೆ: ಮಂಡಿನೋವಿರುವವರನ್ನು ಮರಳಿನಲ್ಲಿ ನಡೆಸಿ ನೋಡಿ, ಆಮೇಲೆ ಸಲಹೆ ಕೊಡಿ.

ಕೊಡಿಯಾಲಬೈಲಿನ ಸದಸ್ಯರು: ನಾನು ಹೋಟೆಲು ವ್ಯವಹಾರದಲ್ಲಿರುವವನು. ಒಬ್ಬರಿಗೆ ಮುಖ ಕೆಂಪಾಯಿತೆಂದು ಎಲ್ಲ ತಾರಸಿ ಹೋಟೆಲುಗಳನ್ನೂ ಅನುಮಾನಿಸುವುದು ಸರಿಯಲ್ಲ. ಮಳೆಗಾಲದಲ್ಲಿ ನಾಲ್ಕು ತಿಂಗಳು ಅರ್ಧ ಮೇಜುಗಳು ಖಾಲಿಯಿರುತ್ತವೆ, ಉಪ್ಪುಗಾಳಿಗೆ ಕಬ್ಬಿಣವೆಲ್ಲ ತುಕ್ಕು ಹಿಡಿಯುತ್ತದೆ. ನಮ್ಮ ಕಷ್ಟ ಮೇಡಂ ಅವರಿಗೆ ಗೊತ್ತಿಲ್ಲವೇ?

ತಪಾಸಕಿ: ಗೊತ್ತಿದೆ. ಆ ಕಷ್ಟದ ನಡುವೆಯೂ ಗ್ರಿಲ್ಲಿನ ಪಕ್ಕದಲ್ಲೇ ಸಣ್ಣ ಫ್ರಿಜ್ ಇಟ್ಟು, ಒಮ್ಮೆಗೆ ಬೇಕಾದಷ್ಟೇ ಮೀನನ್ನು ಹೊರತೆಗೆಯುವ ಅಡುಗೆಯವರನ್ನು ನಾನು ನೋಡಿದ್ದೇನೆ, ಅವರ ಬಗ್ಗೆ ನನಗೆ ಗೌರವವಿದೆ. ನಾನು ಬರೆದದ್ದು ಟ್ರೇಯಲ್ಲಿ ಸುತ್ತುವ ಮೀನಿನ ಬಗ್ಗೆ. ನಿಮ್ಮಲ್ಲಿ ಹಾಗೆ ಸುತ್ತಿಸುತ್ತೀರಾ ಎಂಬುದನ್ನು ಮೊದಲು ಹೇಳಿ.

ಉಡುಪಿಯ ಸದಸ್ಯರು: ನಾವು ಶಾಕಾಹಾರಿಗಳು. ಮಣಿಪಾಲದ ಕಡೆಯ ತಾರಸಿ ಹೋಟೆಲುಗಳಲ್ಲಿ ಪನೀರನ್ನೂ ಮೀನನ್ನೂ ಒಂದೇ ಗ್ರಿಲ್ಲಿನಲ್ಲಿ ಸುಡುತ್ತಾರೆಯೇ?

ತಪಾಸಕಿ: ಹಲವು ಕಡೆ ಸುಡುತ್ತಾರೆ. ಕೇಳಿ ತಿಳಿದುಕೊಳ್ಳಿ.

ಬಲ್ಮಠದ ಸದಸ್ಯೆ: ಕುಟುಂಬದೊಂದಿಗೆ ಹೋಗಲು ಒಳ್ಳೆಯ ರೂಫ್‌ಟಾಪ್ ಹೋಟೆಲಿನ ಹೆಸರು ತಿಳಿಸುವಿರಾ?

ತಪಾಸಕಿ: ಇಲ್ಲ.

ಕೊಟ್ಟಾರದ ಸದಸ್ಯೆ: ಮೇಡಂ, ನೀವು ಕೇಳಿದ್ದಕ್ಕೆ ಉತ್ತರ. ಮೀನು ಚುರುಗುಟ್ಟುತ್ತಿದೆ ಎಂದು ಇವರು ಮೊದಲ ತುತ್ತಿಗೇ ಹೇಳಿದ್ದರು. ಮಸಾಲೆ ಖಾರವಾಗಿರಬಹುದೆಂದು ನಾನೇ ಸಮಾಧಾನ ಹೇಳಿದೆ. ಅದೇ ತಟ್ಟೆಯಿಂದ ತಿಂದ ನಾದಿನಿಯ ಕತ್ತೂ ಕೆಂಪಾಗಿತ್ತಂತೆ, ನಿನ್ನೆ ಕೇಳಿದಾಗ ಗೊತ್ತಾಯಿತು. ಮ್ಯಾನೇಜರ್ ಮಾತ್ರ, ಮೀನನ್ನು ಚೆನ್ನಾಗಿ ಹುರಿದಿದ್ದೇವೆ, ಆ ಬಿಸಿಗೆ ಯಾವ ಕ್ರಿಮಿಯೂ ಉಳಿಯುವುದಿಲ್ಲ ಎನ್ನುತ್ತಿದ್ದಾರೆ.

ತಪಾಸಕಿ: ಕ್ರಿಮಿ ಸಾಯುತ್ತದೆ, ಹಿಸ್ಟಮಿನ್ ಉಳಿಯುತ್ತದೆ. ಹುರಿದರೂ, ಕುದಿಸಿದರೂ, ಡೀಪ್ ಫ್ರೀಜರಿನಲ್ಲಿಟ್ಟರೂ ಅದು ನಾಶವಾಗುವುದಿಲ್ಲ. ಈ ಒಂದು ಸಂಗತಿಯನ್ನು ಆ ಮ್ಯಾನೇಜರ್ ತಿಳಿದಿರಲೇಬೇಕು. ಒಂದೇ ತಟ್ಟೆಯಿಂದ ತಿಂದ ಇಬ್ಬರಿಗೂ ಹೀಗಾಗಿದೆ ಎಂಬುದು ನನ್ನ ಅನುಮಾನವನ್ನು ಗಟ್ಟಿ ಮಾಡುತ್ತದೆ. ವೈದ್ಯರಿಗೆ ನಾದಿನಿಯ ವಿಷಯವನ್ನೂ ತಿಳಿಸಿ. ಅದು ತಿಳಿಯದಿದ್ದರೆ ನಿಮ್ಮ ಯಜಮಾನರಿಗೆ ಮೀನಿನ ಅಲರ್ಜಿ ಎಂಬ ಹಣೆಪಟ್ಟಿ ಅಂಟಿ, ಅವರು ಜೀವನವಿಡೀ ಸುಮ್ಮನೆ ಮೀನು ಬಿಡಬೇಕಾದೀತು.

ಇನ್ನು ಜೂನ್ 22ರ ಊಟ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಸಿಗುವುದು ನಾಡದೋಣಿಯವರು ಕಡಲಿನ ಸ್ಥಿತಿ ನೋಡಿ ತರುವ ಅಷ್ಟಿಷ್ಟು ಮೀನು, ಶೀತಲಗೃಹದ ದಾಸ್ತಾನು, ಮತ್ತು ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆ ಕಡೆಯಿಂದ ಲಾರಿಯಲ್ಲಿ ಬರುವ ಮೀನು. ಅವು ಕೆಟ್ಟವೆಂದು ನಾನು ಹೇಳುತ್ತಿಲ್ಲ, ಐಸು ಸರಿಯಾಗಿದ್ದರೆ ಉಣ್ಣಬಹುದು. ಆದರೆ ದೂರ ಹೆಚ್ಚಿದಷ್ಟೂ ಐಸು ತಪ್ಪುವ ಅವಕಾಶವೂ ಹೆಚ್ಚು. ಐಸಿನ ಬಗ್ಗೆ ನಿಮ್ಮ ಪ್ರಶ್ನೆಗೆ ಸಿಟ್ಟಾಗುವ ಹೋಟೆಲಿನಲ್ಲಿ ಆ ತಿಂಗಳು ಬಂಗುಡೆ, ಬೂತಾಯಿ ಬೇಡವೇ ಬೇಡ.

ಮತ್ತೊಂದು ವಿಷಯವನ್ನು ನೀವು ಕೇಳದಿದ್ದರೂ ಹೇಳಬೇಕಾಗಿದೆ. ಮಳೆಗಾಲಕ್ಕೆ ತಾರಸಿಯನ್ನು ಟಾರ್ಪಾಲು, ಪ್ಲಾಸ್ಟಿಕ್ ಹಾಳೆಗಳಿಂದ ಸುತ್ತಲೂ ಮುಚ್ಚುತ್ತಾರೆ. ಅರವತ್ತು ಎಪ್ಪತ್ತು ಜನ ಸೇರುವ ಸಮಾರಂಭಕ್ಕೆ ಮುಂಗಡ ಕೊಡುವ ಮುನ್ನ ಎರಡನೆಯ ಮೆಟ್ಟಿಲು ಎಲ್ಲಿದೆ ಎಂದು ಕೇಳಿ, ಸ್ವತಃ ಅದರಲ್ಲಿ ಇಳಿದು ನೋಡಬೇಕು. ಆ ಮೆಟ್ಟಿಲಿನಲ್ಲಿ ಖಾಲಿ ಕ್ರೇಟುಗಳು, ಮುರಿದ ಕುರ್ಚಿಗಳು, ತುದಿಯಲ್ಲಿ ಬೀಗ ಹಾಕಿದ ಗ್ರಿಲ್ ಬಾಗಿಲು ಕಂಡರೆ ಆ ಜಾಗವನ್ನು ಬಿಟ್ಟುಬಿಡಿ. 2017ರ ಡಿಸೆಂಬರ್ 29ರಂದು ಮುಂಬಯಿಯ ಕಮಲಾ ಮಿಲ್ಸ್ ಆವರಣದ ತಾರಸಿ ಹೋಟೆಲುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. ಅದರ ಬಳಿಕವೂ ನಾನು ಹೋದ ಎಷ್ಟೋ ಕಟ್ಟಡಗಳಲ್ಲಿ ಹಿಂದಿನ ಮೆಟ್ಟಿಲನ್ನು ಉಗ್ರಾಣವಾಗಿ ಬಳಸುತ್ತಿದ್ದಾರೆ.

ಸುರತ್ಕಲ್ಲಿನ ಸದಸ್ಯರು: ಮೇಡಂ ನಿಂಬೆಯನ್ನು ತಳ್ಳಿಹಾಕಿದರೂ, ಮೀನು ತಿಂದ ಮೇಲೆ ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬುದನ್ನು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ತಾರಸಿ ಹೋಟೆಲುಗಳಲ್ಲಿ ಮೀನಿನ ನಂತರ ಐಸ್‌ಕ್ರೀಂ ಕೊಡುವುದೇ ಇವರ ಯಜಮಾನರ ತೊಂದರೆಗೆ ಕಾರಣವಿರಬಹುದು.

ಕೊಟ್ಟಾರದ ಸದಸ್ಯೆ: ನಾವು ಐಸ್‌ಕ್ರೀಂ ತಿಂದೇ ಇಲ್ಲ.

ತಪಾಸಕಿ: ಮೀನು, ಹಾಲು ಸೇರಿದರೆ ತೊನ್ನು ಬರುವುದಿಲ್ಲ. ನಿಮ್ಮ ಸಂದೇಶವನ್ನು ನಂಬಿ ಯಾರಾದರೂ ಐಸ್‌ಕ್ರೀಂ ಬಿಟ್ಟು, ಅದೇ ಬಂಗುಡೆಯನ್ನು ಮತ್ತೆ ತಿಂದರೆ ಹೊಣೆ ಯಾರದು? ಇನ್ನೊಂದು ಸಂದೇಶ ಬಂದರೆ ನಾನು ಉತ್ತರಿಸುವುದನ್ನು ನಿಲ್ಲಿಸುತ್ತೇನೆ.

ಹಂಪನಕಟ್ಟೆಯ ಸದಸ್ಯರು: ಅದಕ್ಕೇ ನಾನು ಮೊದಲೇ ಹೇಳಿದ್ದು, ತಾರಸಿಗೆ ಹೋಗಲೇಬಾರದು.

ಕದ್ರಿಯ ಸದಸ್ಯೆ: ನಿಮ್ಮ ಬಂದರಿನ ಹೋಟೆಲಿಗೂ ಐಸು ಬೇಕು. ಮೇಡಂ ಹೇಳಿದ್ದು ಮಹಡಿಯ ಬಗ್ಗೆಯಲ್ಲ, ಮೀನನ್ನು ಇಡುವ ರೀತಿಯ ಬಗ್ಗೆ. ಓದದೆ ಬರೆಯಬೇಡಿ.

ನಿರ್ವಾಹಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಬೇಕು.

ಕೊಡಿಯಾಲಬೈಲಿನ ಸದಸ್ಯರು: ನನ್ನನ್ನು ಪ್ರಶ್ನಿಸಿದ ದನಿ ನನಗೆ ಹಿಡಿಸಲಿಲ್ಲ. ಗಿರಾಕಿಗಳೇ ಮೀನು ತೋರಿಸಿ ಎಂದು ಕೇಳುವಾಗ ನಾವು ಏನು ಮಾಡಬೇಕು?

ತಪಾಸಕಿ: ಗಾಜಿನ ಬಾಗಿಲಿನ ಫ್ರಿಜ್ಜಿನ ಬಳಿಗೆ ಗಿರಾಕಿಯನ್ನೇ ಕರೆದೊಯ್ದು ತೋರಿಸಿ.

ಅಶೋಕನಗರದ ಸದಸ್ಯೆ: ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆಯನ್ನು ತಾರಸಿ ಹೋಟೆಲುಗಳಲ್ಲಿ ಹೇಳಿ ಮಾಡಿಸಬಹುದೇ?

ಕೊಟ್ಟಾರದ ಸದಸ್ಯೆ: ವೈದ್ಯರ ಬಳಿಗೆ ನಾಳೆ ಹೋಗುತ್ತೇವೆ. ನಾದಿನಿ ಅಂದು ಕಟ್ಟಿಸಿಕೊಂಡು ಬಂದ ಎರಡು ತುಂಡು ಮೀನು ಅವರ ಫ್ರೀಜರಿನಲ್ಲೇ ಇದೆಯಂತೆ. ಬಿಲ್ಲೂ ಇದೆ. ದೂರು ಕೊಡುವುದಾದರೆ ಎಲ್ಲಿ ಕೊಡಬೇಕು? ಮುಂಗಡ ಹಿಂತಿರುಗಿಸುವುದಿಲ್ಲವೆಂದು ಹೇಳುತ್ತಿದ್ದಾರೆ.

ತಪಾಸಕಿ: ಆ ತುಂಡುಗಳನ್ನು ಯಾರೂ ತಿನ್ನದಂತೆ, ಬೆಕ್ಕಿಗೂ ಹಾಕದಂತೆ, ಚೀಟಿ ಅಂಟಿಸಿ ಫ್ರೀಜರಿನಲ್ಲೇ ಇರಿಸಲು ಈಗಲೇ ಫೋನ್ ಮಾಡಿ ಹೇಳಿ. ಬಿಲ್ಲಿನ ಮೇಲೆ ಹದಿನಾಲ್ಕು ಅಂಕಿಗಳ ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ಸಂಖ್ಯೆ ಇರಬೇಕು, 2022ರ ಜನವರಿಯಿಂದ ಅದು ಕಡ್ಡಾಯ. ಆ ಸಂಖ್ಯೆ, ಬಿಲ್ಲಿನ ಪ್ರತಿ, ವೈದ್ಯರ ಚೀಟಿ ಇವಿಷ್ಟನ್ನು ಸೇರಿಸಿ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಲಿಖಿತ ದೂರು ಕೊಡಿ. ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಹಕ್ಕನ್ನು 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೆಯ ಕಲಂ ನಿಮಗೆ ಕೊಟ್ಟಿದೆ. ಆದರೆ ಮನೆಗೆ ತರುವ ದಾರಿಯಲ್ಲೂ ಮೀನು ಬಿಸಿಯಲ್ಲಿದ್ದ ಕಾರಣ, ಆ ತುಂಡಿನ ಫಲಿತಾಂಶವನ್ನು ಹೋಟೆಲಿನವರು ಒಪ್ಪದಿರಬಹುದು. ಆದ್ದರಿಂದ ಅಧಿಕಾರಿಗಳೇ ಹೋಗಿ ಅಲ್ಲಿಂದ ಮಾದರಿ ತೆಗೆಯಲಿ ಎಂದು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಮುಂಗಡದ ಮಾತನ್ನು ಅದರಲ್ಲಿ ಸೇರಿಸಬೇಡಿ, ಅದು ಗ್ರಾಹಕ ಆಯೋಗದ ವಿಷಯ. ನಾಳೆ ವೈದ್ಯರು ಏನು ಹೇಳಿದರೆಂದು ನನಗೆ ಬರೆಯಿರಿ.